ಆರು ಬಾರ್

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಪಂಕ್ಚರ್ ಅಂಗಡಿ.
ಜೀಪಿಗೆ ಮೂವತ್ತು, ಪಿಕಪ್ಪಿಗೆ ಐವತ್ತು,
ಸೈಕಲ್ಲಿಗೆ ಹೆಬ್ಬೆರಳಿನ ಅಂದಾಜು.
ಗಾಳಿಯ ಲೆಕ್ಕದಲ್ಲಿ ನಾನು ಯಾರಿಗೂ ಬಾಕಿಯಿಲ್ಲ.
ಕೋವಿ ನನ್ನ ಮನೆಯಲ್ಲಿಲ್ಲ, ಬಾಪ್ಪನ ಮನೆಯಲ್ಲೂ ಇರಲಿಲ್ಲ.
ಆದರೂ ಕೈಲ್‌ಪೊಳ್ದಿಗೆ ಹದಿನೈದು ದಿನ ಮೊದಲು
ಏರ್ ರೈಫಲ್ಲುಗಳು ಬರುತ್ತವೆ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು,
ಇಂಜೆಕ್ಷನ್ನಿಗೆ ಬರುವ ಮಕ್ಕಳಂತೆ.
"ಮೊಯ್ದು, ಮುಳ್ಳು ಸರಿಯಿದೆಯಾ ನೋಡು."

ನೋಡುತ್ತೇನೆ.
ಕೋವಿಯ ಗೇಜು ಅಂದರೆ ಎಂಟಾಣೆಯಷ್ಟಗಲ,
ಗಾಜಿನೊಳಗೆ ಮೀಸೆಗೂದಲಷ್ಟು ಮುಳ್ಳು.
ಅದು ಇನ್ನೂರು ಅಂದರೆ ಇನ್ನೂರೇ ಅಂತ ನಂಬುವವನು
ಮದುವೆ ದಲ್ಲಾಳಿ ಹೇಳಿದ ವಯಸ್ಸನ್ನೂ ನಂಬಿಯಾನು.
ನನ್ನ ಗೇಜು ಅಂಗೈಯಗಲ,
ಮೈಸೂರಲ್ಲಿ ಪರೀಕ್ಷೆ ಪಾಸಾಗಿ ಸೀಲು ಹೊಡೆಸಿಕೊಂಡು ಬಂದದ್ದು.
ಕೋವಿಯ ಗಾಳಿ ಪೂರ್ತಿ ಖಾಲಿ ಮಾಡಿ, ಅದರ ಗೇಜು ಬಿಚ್ಚಿ,
ಎರಡನ್ನೂ ಒಂದೇ ನಳಿಗೆಗೆ ಜೋಡಿಸಿ ಸಿಲಿಂಡರನ್ನು ಮೆಲ್ಲಗೆ ತಿರುಗಿಸಬೇಕು.
ತಕ್ಷಣ ಓದಬಾರದು. ಆಗಷ್ಟೇ ಒತ್ತಿದ ಗಾಳಿ ಬಿಸಿ,
ಬಿಸಿಗಾಳಿ ಬಡಾಯಿ.
ಅರ್ಧ ಲೋಟ ಚಾ ಮುಗಿಯುವಷ್ಟು ಕಾದು, ಉಗುರಿನಿಂದ ತಟ್ಟಿ,
ಐವತ್ತು, ನೂರು, ನೂರೈವತ್ತು, ಇನ್ನೂರು,
ಮತ್ತೆ ಅದೇ ಮೆಟ್ಟಿಲಲ್ಲಿ ಕೆಳಗೆ.
ಹತ್ತುವಾಗೊಂದು, ಇಳಿಯುವಾಗೊಂದು ಹೇಳುವ ಮುಳ್ಳುಗಳೂ ಇವೆ.

ಈ ಸಲ ಕೋಣಿಯಂಡ ಬೆಳ್ಯಪ್ಪನವರದು ಆರು ಬಾರ್ ಹೆಚ್ಚು ಹೇಳಿತು.
ಚೀಟಿ ಅಂಟಿಸಿದೆ: ಆರು ಕಳೆದು ಓದಿ.
ಮರುದಿನ ಪೊನ್ನಂಪೇಟೆಯ ದೇಚಮ್ಮನದು. ಆರು.
"ಹೋದ ಸ್ಪರ್ಧೆಗೆ ಸರಿಯಿತ್ತಲ್ಲ ಅಂಕಲ್?"
"ಗೇಜಿಗೂ ವಯಸ್ಸಾಗುತ್ತೆ," ಅಂದೆ, ಡಾಕ್ಟರರ ಗತ್ತಿನಲ್ಲಿ.
ಬಾಳೆಲೆಯಿಂದ ಬಂದದ್ದು ಆರು. ತಿತಿಮತಿಯದು ಆರು.
ಹನ್ನೊಂದನೆಯ ಚೀಟಿಗೆ ಗೋಂದು ಹಚ್ಚುವಾಗ ಕೈ ನಿಂತಿತು.

ಸುಳ್ಳು ಹೇಳುವವರು ತಲೆಗೊಂದು ಹೇಳುತ್ತಾರೆ.
ಹನ್ನೊಂದು ಮಂದಿ ಒಂದೇ ಅಳತೆಯ ಸುಳ್ಳು ಹೇಳಿದರೆ
ಕೇಳಿದವನು ತನ್ನ ಕಿವಿ ತೋರಿಸಿಕೊಂಡು ಬರಬೇಕು.

ಕಕ್ಕಡದಲ್ಲಿ, ಕರೆಂಟಿಲ್ಲದ ಸಂಜೆ,
ಮರದ ಲಾರಿಯ ಚಕ್ರ ಬಿಚ್ಚುವಾಗ ಮೊಳೆಯಿಂದ ಬಿದ್ದಿತ್ತು.
ಜಾಕಿನ ತನಕ ಉರುಳಿ, ಒಂದು ಸುತ್ತು ಸುತ್ತಿ ಮಲಗಿತು.
ಗಾಜು ಒಡೆದಿರಲಿಲ್ಲ. ಯಾರೂ ನೋಡಿರಲಿಲ್ಲ.
ಲುಂಗಿಯಲ್ಲಿ ಒರೆಸಿ ತೂಗುಹಾಕಿದೆ.

ಅಂದರೆ ನೆಟ್ಟಗಿದ್ದ ಮುಳ್ಳುಗಳಿಗೆ
ನನ್ನ ಕೈಬರಹದಲ್ಲಿ ಸುಳ್ಳುಗಾರ ಅಂತ ಅಂಟಿಸಿ ಕಳಿಸಿದ್ದೇನೆ.
ಇನ್ನೂರು ಬೇಕಾದವರು ನನ್ನ ಮಾತಿಗೆ ಇನ್ನೂರಾರು ತುಂಬಿಯಾರು.
ಸುಳ್ಳು ಇಲ್ಲೇ, ಮೈಸೂರಿನ ಸೀಲು ಹೊತ್ತು,
ಮೊಳೆಯ ಮೇಲೆ ಪಂಚಾಯ್ತಿ ಮೆಂಬರಿನಂತೆ ತೂಗುತ್ತಿದೆ.

ಶಟರ್ ಎಳೆದು ಸ್ಕೂಟರ್ ಹತ್ತಿದೆ.
ದೇಚಮ್ಮ ನಕ್ಕಳು, ಆಮೇಲೆ ನಗಲಿಲ್ಲ,
ಉಗುರಿನಲ್ಲಿ ಕೆರೆದು ಚೀಟಿ ಕಿತ್ತಳು.
ಬಾಳೆಲೆಯವರು ಬೈದರು, ಚಾ ಕೊಟ್ಟರು.
ಬೆಳ್ಯಪ್ಪನವರ ಮನೆ ತಲುಪುವಾಗ ಕತ್ತಲೆ.
"ಈಗ ಮುಟ್ಟುವ ಹಾಗಿಲ್ಲ ಮೊಯ್ದು, ದೇವರ ಕೋಣೆಗೆ ಇಟ್ಟಾಯಿತು."
"ಗಾಳಿ?"
"ಖಾಲಿ. ನಾಡಿದ್ದು ತೆಗೆದಾಗ ಕೀಳುತ್ತೇನೆ ಬಿಡು."

ಹೊಸಿಲಿನಿಂದ ಇಣುಕಿದೆ.
ಅಜ್ಜನ ಕಾಲದ ತೋಟೆಕೋವಿಯ ಪಕ್ಕ ಆ ಕರಿಯ ರೈಫಲ್ಲು,
ನಳಿಗೆಯ ಬಾಯಿಗೆ ತೋಕ್‌ಪೂ,
ಮತ್ತೆ ನನ್ನ ಚೀಟಿಯ ಮೇಲೆ,
ಸರಿಯಾಗಿ ಆ ಆರರ ಮೇಲೆ,
ಒಂದು ಬೊಟ್ಟು ಗಂಧ.