ಅರ್ಧ ಸೂರ್ಯ

ಮಳವಳ್ಳಿಯಿಂದ ಮೈಸೂರಿಗೆ ಕಡೇ ಟ್ರಿಪ್ಪು.
ಕಿರುಗಾವಲಲ್ಲಿ ಕುರಿ ಮಾರಿ ಹತ್ತಿದವರ ಬೆವರು,
ಬನ್ನೂರಲ್ಲಿ ಹತ್ತಿದ ಖಾಲಿ ತರಕಾರಿ ಮಂಕರಿ,
ಬಸ್ಸಿಗೆ ಎರಡೇ ದೀಪ, ಅದರಲ್ಲೊಂದು ಮಿಣುಕು.
ಯಾವ ಕೈಯೋ, ಯಾವ ಟಿಕೀಟಿಗೋ,
ಐದರ ಬಿಲ್ಲೆ ಎಂದುಕೊಂಡು ಚೀಲಕ್ಕೆ ಬಿಟ್ಟುಕೊಂಡೆ.

ಡಿಪೋದಲ್ಲಿ ಕಾಸು ಎಣಿಸುತ್ತ ಶಿವನಂಜಯ್ಯ
ಎರಡು ಬೆರಳಲ್ಲಿ ಎತ್ತಿದ, ಸತ್ತ ಜಿರಲೆ ಎತ್ತಿದಂಗೆ:
"ನಿಂಗಾಜಮ್ಮಾ, ಇದು ನಡೆಯಾಕಿಲ್ಲ ಕಣಮ್ಮ."
ಐದು ರೂಪಾಯಿ ನನ್ನ ಜೇಬಿಂದ ಕಟ್ಟಿ
ಬೈದೆ, ಯಾರನ್ನಂತ ಬೈಯಲಿ,
ಕಿರುಗಾವಲಿಂದ ಇತ್ತ ಕೂತಿದ್ದ ಅಷ್ಟೂ ಜನರನ್ನ.

ಮನೆಯಲ್ಲಿ ಹುಣಸೇಹಣ್ಣು ಹಚ್ಚಿ ತಿಕ್ಕಿದೆ.
ಒಂದು ಪ್ರಾಣಿ ಹೊರಬಂತು.
ನಮ್ಮ ಬನ್ನೂರು ಕುರಿಯೇ ಅಂದುಕೊಂಡೆ. ಅಲ್ಲ,
ಕುರಿಗೆ ಇಷ್ಟುದ್ದ ಕತ್ತು ಯಾಕೆ?
ಯಾರ ಬೇಲಿಯಾಚೆ ನೋಡಬೇಕು ಅದಕ್ಕೆ?

ಚಿಕ್ಕ ಗಡಿಯಾರದ ಹತ್ತಿರ ಬಟ್ಟೆ ಹಾಸಿ ಕೂರುವ ಮುನೀರ್ ಸಾಬರು
ಕಣ್ಣಿಗೆ ಬೂದುಗಾಜು ಒತ್ತಿ ನೋಡಿ, ಮೊದಲು ಗದರಿದರು:
"ತಿಕ್ಕಬಾರದಾಗಿತ್ತು ತಾಯಿ,
ಕಿಲುಬು ಅಂದರೆ ಅದರ ವಯಸ್ಸು."
ಆಮೇಲೆ ಹೇಳಿದರು: ಪೆರು ದೇಶದ್ದು.
ಪ್ರಾಣಿ ವಿಕುನ್ಯಾ, ಎತ್ತರದ ಬೆಟ್ಟದಲ್ಲಿ ಮೇಯುತ್ತೆ.
ಬರೆದಿರುವುದು: ಅರ್ಧ ಚಿನ್ನದ ಸೂರ್ಯ.
"ಚಿನ್ನವಾ?"
"ಹಿತ್ತಾಳೆ."
ಮೂವತ್ತಕ್ಕೆ ಕೇಳಿದರು, ಕೊಡಲಿಲ್ಲ.
ಅಲ್ಲಿಂದ ಹಿಡಿಯಿತು ನನಗೆ.

ವಾರದ ರಜೆಗೆ ಸೀರೆ ಅಂಗಡಿ ದಾಟಿ, ಹೂವಿನ ಸಾಲು ದಾಟಿ
ಆ ಬಟ್ಟೆಯ ಮುಂದೆ ಕುಕ್ಕರುಗಾಲು.
ಮೂವತ್ತೈದನೇ ಇಸವಿಯ ಬೆಳ್ಳಿ ಅರ್ಧ,
ಅದರಲ್ಲಿ ಗುರಾಣಿ ಊರಿ ಕೂತ ಹೆಂಗಸು;
ಸ್ವಾತಂತ್ರ್ಯಕ್ಕೆ ನೂರೈವತ್ತು ತುಂಬಿದಾಗ ಅಚ್ಚಾಕಿದ್ದು,
ಅದರಲ್ಲಿ ದೊಡ್ಡ ಟೋಪಿಯ ದಂಗೆಕೋರ;
ಪ್ರಾಂತ್ಯಕ್ಕೊಂದರಂತೆ ಇಪ್ಪತ್ತಾರು ನೆನಪಿನ ನಾಣ್ಯಗಳ ಸಾಲು,
ನನಗೆ ಸಿಕ್ಕಿದ್ದು ಒಂಬತ್ತು.
ಮೆಷಿನ್ನು ಬಂದ ಮೇಲೆ ಮೂಲೆ ಸೇರಿದ್ದ ಹಳೇ ಟಿಕೆಟ್ ತಟ್ಟೆ,
ಅದರ ಗೂಡುಗಳಲ್ಲಿ ಇಟ್ಟೆ.
ಒಂದೂಕಾಲು ರೂಪಾಯಿಯ ಗೂಡಲ್ಲಿ ಈಗ ಒಂದು ದೇವಸ್ಥಾನ.

ಒಂದು ಭಾನುವಾರ ಅಲ್ಲೇ ಸಿಕ್ಕಳು ರೊಸಾರಿಯೊ,
ಗೋಕುಲಂಗೆ ಯೋಗ ಕಲಿಯಲು ಬಂದವಳು, ನನ್ನ ಹಾಗೇ ಅರೆನರೆ.
ಅರ್ಧ ಸೂರ್ಯವನ್ನು ಅಂಗೈಲಿಟ್ಟಾಗ
ಮುಖವೆಲ್ಲ ಚಿಕ್ಕ ಹುಡುಗಿಯದಾಯಿತು.
ಮುನೀರ್ ಸಾಬರ ಮುರುಕು ಇಂಗ್ಲಿಷಲ್ಲಿ ದಾಟಿ ಬಂತು ಮಾತು:
ಇದಕ್ಕೆ ಅವಳೂರಲ್ಲಿ ಬ್ರೆಡ್ಡು ಬರುತ್ತಿತ್ತು.
ಆಮೇಲೆ ಬೆಲೆ ಹುಚ್ಚೆದ್ದಿತು, ದುಡ್ಡಿನ ಹೆಸರೇ ಬದಲಾಯಿತು, ಎರಡು ಸಲ.
ಇಂಥವು ಇನ್ನೂರು ಕೋಟಿ ಕೂಡಿದರೆ
ಹೊಸದು ಒಂದು.

ಇನ್ನೂರು ಕೋಟಿ!
ನಮ್ಮ ಬಸ್ಸಿಗೆ ತುಂಬಿದರೆ ಚಕ್ರ ಮುರಿದೀತು.

ಅವಳೂರಲ್ಲಿ ಎಂದೋ ಸತ್ತದ್ದು
ಯಾವ ಕಡಲು ದಾಟಿತೋ, ಯಾರ ಗಂಟಲ್ಲಿ ಮಲಗಿತ್ತೋ,
ಒಂದು ರಾತ್ರಿ, ಮಿಣುಕು ದೀಪದ ಕೆಳಗೆ,
ಪೂರ್ತಿ ಐದು ರೂಪಾಯಿಯಾಗಿ
ಕಿರುಗಾವಲಿಂದ ಮೈಸೂರಿಗೆ ನಡೆದಿತ್ತು.
ಕೊಟ್ಟವನನ್ನು ಆವತ್ತು ಮನ್ನಿಸಿದೆ.

ಬೇಕರಿಗೆ ಕರೆದೊಯ್ದು ಬನ್ನು ಕೊಡಿಸಿದೆ.
ನಾಣ್ಯ ವಾಪಸ್ಸು ಕೊಡುವಾಗ ಒರೆಸಿ ಕೊಟ್ಟಳು;
"ಒರೆಸಬಾರದು," ಎಂದೆ, ಸಾಬರ ಗತ್ತಿನಲ್ಲಿ.

ಈಗ ಹೆಂಗಸರಿಗೆ ಸೊನ್ನೆ ಟಿಕೀಟು,
ಗಂಡಸರು ಫೋನು ಚಾಚುತ್ತಾರೆ.
ಚಿಲ್ಲರೆ ಕೊಡ್ರೀ ಎಂದು ಕೂಗಿ ಕೂಗಿ ಒರಟಾದ ಗಂಟಲಿಗೆ
ಅರ್ಧ ಕೆಲಸವಿಲ್ಲ.
ಚೀಲ ಹಗುರ. ಅದು ಸುಮ್ಮನಿದ್ದರೆ ನನಗೆ ಆಗದು.
ತಟ್ಟೆಯಿಂದ ಒಂದನ್ನು ತೆಗೆದು ಹಾಕಿಕೊಳ್ಳುತ್ತೇನೆ
ದಿನಾ, ಮೊದಲ ಟ್ರಿಪ್ಪಿಗೆ.
ಬನ್ನೂರು ತಿರುವಿನಲ್ಲಿ ಬಸ್ಸು ವಾಲಿದಾಗ
ಒಂದೆರಡು ರೂಪಾಯಿಗಳ ನಡುವೆ
ಉದ್ದ ಕತ್ತಿನ ಕುರಿ ಎದ್ದು
ಗಲ್ ಅನ್ನುತ್ತೆ.