ಇಬ್ಬನಿಯ ಲೆಕ್ಕ

ಗಂಗಾವತಿ, ಕನಕಗಿರಿ ರಸ್ತೆಯ ರೈಸ್ ಮಿಲ್ಲು.
ದೂರು ಇಷ್ಟೇ: ಬಿಳಿ ಅಕ್ಕಿಯ ಜೊತೆ ಕರಿಕಾಳೂ
ಚೀಲ ಸೇರುತ್ತಿದೆ.
ಕಲರ್ ಸಾರ್ಟರಿನವನು ಬಂದು ನೋಡಿ
‘ಕ್ಯಾಮೆರಾದ ಕಣ್ಣು ಚೊಕ್ಕ ಐತಿ, ನಿಮ್ಮ ಗಾಳಿ ಒದ್ದಿ’ ಅಂದು
ಬಿಲ್ಲು ಬರೆದು ಹೋಗಿದ್ದಾನೆ.
ಒದ್ದೆ ಗಾಳಿ ಅಂದರೆ ನನ್ನ ಪಾಲು.

ಶ್ರಾವಣದ ಸೆಕೆ. ಕಂಪ್ರೆಸರ್ ಕೋಣೆಯ ಕಿಟಕಿಯಾಚೆ
ಭತ್ತ ಬೇಯಿಸುವ ತೊಟ್ಟಿ.
ಅದರ ಹಬೆಯನ್ನೇ ಎಳೆದು ಕುಡಿದು
ಒತ್ತಿ ಹಿಂಡಿ ಮುಂದಕ್ಕೆ ದೂಡುತ್ತದೆ ಯಂತ್ರ.
ಡ್ರೈಯರ್, ಪಾಪ,
ಬಂದ ಗಾಳಿಯನ್ನು ಚಳಿಗೆ ಹಿಡಿದು ನಡುಗಿಸಿ
ನೀರು ಬಿಡಿಸಿಕೊಳ್ಳಬೇಕು.
ಎಲ್ಲಿ ಗಾಳಿ ಇಬ್ಬನಿಯಾಗುತ್ತದೋ ಆ ಡಿಗ್ರಿಗೆ
ನಮ್ಮಲ್ಲಿ ಡ್ಯೂ ಪಾಯಿಂಟ್ ಅನ್ನುತ್ತಾರೆ.
ಮೂರಿರಬೇಕು.
ಪರದೆಯ ಮೇಲೆ ಹದಿನೇಳು.

ಪಾಸ್‌ವರ್ಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು,
ಪಕ್ಕದಲ್ಲಿ ಯಾರದೋ ಕೈಗಡದ ಲೆಕ್ಕ.
ಒಳಹೊಕ್ಕೆ.
ಡ್ರೈನ್: ಇಪ್ಪತ್ತು ನಿಮಿಷಕ್ಕೊಮ್ಮೆ, ಎರಡು ಸೆಕೆಂಡು.
ಯಾವನೋ ಪುಷ್ಯದ ಒಣಚಳಿಯಲ್ಲಿ ಬಂದು
ಇದೇ ಸಾಕೆಂದು ಬರೆದ ಅಂಕಿ.
ಯಾವನೋ ಏನು, ಚೀಟಿಯಲ್ಲಿ ಸಹಿ ನನ್ನದೇ.

ಆಮೇಲೆ ಹಿಸ್ಟರಿ ತೆಗೆದೆ.
ಸಾಲಾಗಿ ಅಲಾರಂ, ಸಾಲಾಗಿ ರಾತ್ರಿ:
ಎರಡು ಹತ್ತು. ಎರಡು ಹನ್ನೆರಡು. ಎರಡು ಐದು.
ಪ್ರತಿಯೊಂದರ ಬೆನ್ನಿಗೂ
ಹತ್ತೇ ಸೆಕೆಂಡಿನಲ್ಲಿ ಯಾರೋ ಒತ್ತಿದ ಒಪ್ಪಿಗೆ.
ನಲವತ್ತೊಂದು ರಾತ್ರಿ.

ಆಪರೇಟರ್ ಯಮನೂರಪ್ಪ ಕಿವಿ ಮುಟ್ಟಿ ತೋರಿಸಿದ.
ಇಪ್ಪತ್ತೆರಡು ವರ್ಷ ಹಲ್ಲರಿನ ಪಕ್ಕ ನಿಂತ ಕಿವಿ;
ಪೈಪಿಗೆ ಅಂಗೈ ಇಟ್ಟರೆ ಯಂತ್ರದ ಜ್ವರ ತಿಳಿದೀತು,
ಈ ಸಣ್ಣ ಪೀಪಿ ಅವನನ್ನು ತಲುಪುವುದಿಲ್ಲ.
ಹಾಗಾದರೆ ಒತ್ತಿದವರು?

ಚೀಲಗಳ ಮರೆಯಿಂದ ಕಸಬರಿಗೆ ಹಿಡಿದೇ ಬಂದಳು
ಹುಲಿಗೆಮ್ಮ.
‘ನಾನ ರೀ ಒತ್ತಾಕಿ. ಅದು ಚೀರಿದ್ರ ಕೂಸು ಏಳತೈತಿ.
ಹಸರ ಗುಂಡಿ ಒತ್ತಿದ್ರ ಸುಮ್ನಾಗತೈತಿ.
ಸುಮ್ನಾತಂದ್ರ ಸರಿ ಆತು ಅಂದ್ಕೊಂಡೆ.’
ಖಾಲಿ ಗೋಣಿಯ ಮೇಲೆ ಮಗು,
ರೆಪ್ಪೆಗೆ ತೌಡಿನ ಧೂಳು.
ಏನು ಹೇಳಲಿ ಅವಳಿಗೆ?
ದೂರು ಬಾರದ ಯಂತ್ರ ನೆಟ್ಟಗಿದೆಯೆಂದು
ಏಳು ತಿಂಗಳು ನಾನೂ ಮಲಗಿದ್ದೆ.

ಫಿಲ್ಟರಿನ ಬುಡ ಬಿಚ್ಚಿದೆ. ತುಕ್ಕು, ತೌಡು, ಎಣ್ಣೆ,
ಒಂದೂವರೆ ಬಕೆಟ್ಟು ಕಂದು ನೀರು.
‘ಇಷ್ಟೂ ಗಾಳ್ಯಾಗ ಇತ್ತೇನ್ರಿ?’
‘ಗಾಳ್ಯಾಗ.’
‘ಹಂಗಾರ ನಮ್ಮ ಓಣಿ ನಳಕ್ಕ ಇದನ್ನ ಜೋಡಿಸ್ರಿ.’
ಯಮನೂರಪ್ಪನಿಗೆ ಕೇಳಲಿಲ್ಲ, ನಮ್ಮ ನಗು ಕಂಡು ನಕ್ಕ.

ಮತ್ತೆ ಬರೆದೆ: ನಾಲ್ಕು ನಿಮಿಷಕ್ಕೊಮ್ಮೆ, ಮೂರು ಸೆಕೆಂಡು.
ಗಾಳಿ ಹೀರುವ ಬಾಯನ್ನು ಆಚೆ ಗೋಡೆಗೆ ತಿರುಗಿಸಿರೆಂದು
ಮಾಲೀಕರಿಗೊಂದು ಚೀಟಿ.
ತಿರುಗಿಸುವುದಿಲ್ಲ, ಗೊತ್ತು.
ಅಲಾರಂ: ಹತ್ತಕ್ಕೆ.
ಕೂಗುವ ಮುನ್ನ ಕಾಯಬೇಕಾದದ್ದು:
ಮೂವತ್ತು ಎಂದು ಒತ್ತುವಾಗ ಬೆರಳು ತುಸು ತಡೆಯಿತು.
ಪೀಪಿಯ ವೈರು ಬಿಚ್ಚಿ
ಯಮನೂರಪ್ಪನ ಸ್ಟೂಲಿನೆದುರು
ಕೆಂಪು ದೀಪಕ್ಕೆ ಕೊಟ್ಟೆ.

ಹುಲಿಗೆಮ್ಮನಿಗೆ ಅಂಕಿ ಬರುತ್ತವೆ, ಚೀಲ ಎಣಿಸಿ ಎಣಿಸಿ.
‘ಮೂರು, ನಾಕು, ಐದು ಇದ್ರ ಮಲಗ್ಲಿ ಕೂಸು.
ಹತ್ತು ದಾಟಿದ್ರ ಗುಂಡಿ ಮುಟ್ಟಬ್ಯಾಡ,
ಯಮನೂರಪ್ಪಗ ದೀಪ ತೋರ್ಸು,
ನನಗೊಂದು ಮಿಸ್ ಕಾಲ್ ಕೊಡು.’
ಚೀಟಿಯ ಬೆನ್ನಿಗೆ ನಂಬರ್ ಬರೆದುಕೊಟ್ಟೆ.
ಕಾರಣದ ಕಾಲಮ್ಮಿನಲ್ಲಿ: ಸೆಟ್ಟಿಂಗ್ ತಪ್ಪು.
ಯಾರದು ಎಂದು ಬರೆಯಲು ಜಾಗವಿರಲಿಲ್ಲ.

ಲಾಡ್ಜಿನಲ್ಲಿ ಎರಡು ಹತ್ತಕ್ಕೆ ಎಚ್ಚರವಾಯಿತು.
ಫೋನು ಎದೆಯ ಮೇಲೆ, ಕತ್ತಲಾಗಿ.
ಮೇಜಿನ ಮೇಲೆ ತಣ್ಣೀರ ಬಾಟಲಿ
ಮೈತುಂಬ ಹನಿ ಕಟ್ಟಿಕೊಂಡು ನಿಂತಿತ್ತು.
ಎರಡು ಹದಿನೈದು.
ಬೆರಳಿನಿಂದ ಒಂದು ಗೆರೆ ಒರೆಸಿದೆ.
ನೋಡುತ್ತ ಕೂತೆ.
ಮತ್ತೆ ಕಟ್ಟಿತು.