ಕಿವಿರಿಲ್ಲದ ಚೀಲ

ಮೀನಾದರೆ ನನಗೆ ಗೊತ್ತು.
ಕಿವಿರು ಎತ್ತಿದರೆ ಕೆಂಪು ಕಾಣಬೇಕು,
ಬೆರಳಲ್ಲಿ ಒತ್ತಿದ ಗುಳಿ ತಾನೇ ತುಂಬಿಕೊಳ್ಳಬೇಕು,
ಕಣ್ಣು ನನ್ನನ್ನೇ ದಿಟ್ಟಿಸಬೇಕು.
ಇಪ್ಪತ್ತೆಂಟು ವರ್ಷ ಬೈತಖೋಲದ ದಕ್ಕೆಯಲ್ಲಿ
ಬುಟ್ಟಿ ಹೊತ್ತವಳು ನಾನು.
ಐಸಿನ ಕೆಳಗೆ ನಿನ್ನೆಯದನ್ನು ಅಡಗಿಸಿದವರನ್ನು
ಮುಖ ನೋಡಿಯೇ ಹೇಳುತ್ತೇನೆ.

ಈ ಚೀಲಕ್ಕೆ ಕಿವಿರು ಎಲ್ಲಿದೆ?

ಕಾಜುಬಾಗದ ಅಂಗಡಿಯಲ್ಲಿ ಗೋಡೆ ತುಂಬ ಚೀಲ,
ಒಂದೊಂದರ ಮೇಲೂ ಒಂದೊಂದು ನಾಯಿ,
ಸೋಪು ಹಾಕಿ ಮಿಂದು, ಬಾಚಿಕೊಂಡು,
ಫೋಟೋಕ್ಕೆ ಕೂತ ಮದುಮಗನ ಹಾಗೆ.
ಒಂದಕ್ಕೂ ನಮ್ಮ ನೊಗ್ಲಿಯ ಹರಿದ ಕಿವಿ ಇಲ್ಲ.

ನೊಗ್ಲಿ ಸಿಕ್ಕಿದ್ದು ಹರಾಜು ಕಟ್ಟೆಯ ಕೆಳಗೆ.
ಉದ್ದ ಮೂತಿ, ಬೆಳ್ಳನೆ ಸಪೂರ ಮೈ,
ಅವತ್ತು ಬುಟ್ಟಿಯಲ್ಲಿದ್ದದ್ದೂ ನೊಗ್ಲಿಯೇ.
ಹೆಸರಿಗೆ ಬೇರೆ ಕಡೆ ಹೋಗಲಿಲ್ಲ.

ಜೂನಿನಲ್ಲಿ ಬೋಟು ಕಟ್ಟಿದ ಮೇಲೆ
ನಾನುಂಡದ್ದು ಒಣಮೀನು, ಅದು ಉಂಡದ್ದೂ ಒಣಮೀನು.
ನನಗೆ ರುಚಿಯಾದ ಉಪ್ಪು ಅದಕ್ಕೆ ರೋಗವಾಯಿತು.
ಕೊಡ ನೀರು ಕುಡಿಯಿತು, ಬೆನ್ನು ಕೆರೆಯಿತು,
ಬಾಲದ ಬುಡದಲ್ಲಿ ರೋಮ ಉದುರಿ
ಚರ್ಮ ಕಂಡಿತು.
ಪಶು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು, ಎಂತ ಹಾಕ್ತೀರಿ?
ಅನ್ನ, ಎಂದೆ.
ನೊಗ್ಲಿ ಆಕಳಿಸಿತು.
ಆ ವಾಸನೆ ನಿಜ ಹೇಳಿಬಿಟ್ಟಿತು.

ಹಾಗೆ ಬಂದೆ ಇಲ್ಲಿಗೆ,
ಫಿಲೋಮಿನಾಳ ಮಗಳು ಬೆನಿಟಾಳನ್ನು ಕರಕೊಂಡು.
ಒಂಬತ್ತನೇ ಕ್ಲಾಸು, ಕನ್ನಡಕ,
ಇರುವೆ ಗಾತ್ರದ ಇಂಗ್ಲಿಷನ್ನೂ ಬಿಡದೆ ಓದುವ ಹುಡುಗಿ.
ಮುಂದೆ ನೋಡಬೇಡಿ ಬಾಯಿ, ಹಿಂದೆ ನೋಡಿ, ಎಂದಳು.
ಮೊದಲು ಬರೆದದ್ದು ಹೆಚ್ಚು ತೂಕದ್ದು,
ಕೊನೆಗೆ ಬರೆದದ್ದು ಚಿಟಿಕೆ.

ಮೊದಲ ಚೀಲದ ಮುಂದೆ ಮಿರಮಿರ ಕೋಳಿಕಾಲು.
ಹಿಂದೆ ಓದಿದರೆ ಮೆಕ್ಕೆಜೋಳ,
ಆಮೇಲೆ ಗೋಧಿ ತೌಡು, ಆಮೇಲೆ ಸೋಯಾ,
ಕೋಳಿ ಬಂದದ್ದು ಐದನೆಯವನಾಗಿ,
ಎಲೆ ಎತ್ತಿದ ಮೇಲೆ ಬಂದ ಭಾವನ ಹಾಗೆ.
ಸಕ್ಕರೆಯೂ ಉಂಟಂತೆ. ಬಣ್ಣವೂ.
ಬಣ್ಣ ಯಾರಿಗೆ?
ನೊಗ್ಲಿಗೆ ಕೆಂಪೂ ಹಸಿರೂ ಒಂದೇ.
ಅದನ್ನು ಹಾಕಿದ್ದು ನನಗೆ.

ಎರಡನೆಯದು ಮರಿಗಳಿಗೆ.
ಮೂರನೆಯದರ ತಾರೀಖು ನೋಡಿದರೆ
ಇನ್ನು ಹನ್ನೆರಡೇ ದಿನ.
ಅಂಗಡಿಯ ಉಲ್ಲಾಸ ಅದನ್ನೇ ಮುಂದೆ ಇಟ್ಟಿದ್ದ.
ಐಸಿನ ಕೆಳಗಿನದು, ಎಂದೆ.
ಅವನಿಗೆ ತಿಳಿಯಲಿಲ್ಲ. ನಗಾಡಿದ.

ನಾಲ್ಕನೆಯದರಲ್ಲಿ ಮೊದಲ ಹೆಸರು ಮೀನು.
ಯಾವ ಮೀನು ಓದು, ಎಂದೆ.
ಬೆನಿಟಾ ಕನ್ನಡಕ ಏರಿಸಿ ಓದಿದಳು: ತಾರ್ಲೆ.

ತಾರ್ಲೆ!
ಹೋದ ಅಕ್ಟೋಬರಿನಲ್ಲಿ ಕೊಳ್ಳುವವರಿಲ್ಲದೆ
ಮೊಣಕಾಲುದ್ದ ಬಿದ್ದಿತ್ತಲ್ಲ ದಕ್ಕೆಯಲ್ಲಿ,
ಸಲಿಕೆಯಿಂದ ಎಳೆದು ಲಾರಿಗೆ ತುಂಬಿ
ಪುಡಿ ಮಾಡುವ ಮಿಲ್ಲಿಗೆ ಕಳಿಸಿದೆವಲ್ಲ,
ಕಿಲೋಗೆ ಹದಿನೆಂಟು ರೂಪಾಯಿ,
ಅದೂ ತಿಂಗಳು ಕಳೆದು.
ಅದೇ ಇದೋ, ಅದರ ತಂಗಿಯೋ,
ಊರು ಸುತ್ತಿ ಬಂದು ನಿಂತಿದೆ,
ಹೊಳೆಯುವ ಅಂಗಿ ತೊಟ್ಟು, ಐನೂರಿಪ್ಪತ್ತು ರೂಪಾಯಿ ಕೊಡು ಎನ್ನುತ್ತಿದೆ.

ಸ್ವಲ್ಪ ಬಿಡು, ಎಂದೆ.
ದರ ಛಾಪಿಸಿದೆ ಬಾಯಿ, ಎಂದ ಉಲ್ಲಾಸ.
ನಿನ್ನ ಅವ್ವ ನನ್ನ ಹತ್ತಿರ
ಹತ್ತು ರೂಪಾಯಿ ಬಿಡಿಸದೆ ಹೋದದ್ದುಂಟೇ?
ಐನೂರಕ್ಕೆ ಕೊಟ್ಟ.
ಉಪ್ಪು ಎಷ್ಟಂತೆ, ಇನ್ನೊಮ್ಮೆ ಓದು, ಎಂದೆ.
ಕೊನೆಯಿಂದ ಎರಡನೆಯದು, ಎಂದಳು ಬೆನಿಟಾ. ಚಿಟಿಕೆ.
ದೊಡ್ಡ ಚೀಲ ಬೇಡ. ಮೊದಲು ಅದು ತಿನ್ನಲಿ.

ಒಂದೇ ಸಲ ಬದಲಿಸಬೇಡಿ ಎಂದಿದ್ದರು ಡಾಕ್ಟರಮ್ಮ.
ಮೊದಲ ದಿನ ಅನ್ನಕ್ಕೆ ಒಂದು ಹಿಡಿ.
ನೊಗ್ಲಿ ಮೂಸಿತು, ಸುತ್ತು ಹಾಕಿತು,
ತಲೆಯೆತ್ತಿ ನನ್ನ ಮುಖ ನೋಡಿತು,
ದಕ್ಕೆಯಲ್ಲಿ ನಾನು ನೋಡುವ ಹಾಗೆಯೇ.
ಅನ್ನ ನೆಕ್ಕಿ, ಕಾಳನ್ನು ಅಂಚಿಗೆ ಸರಿಸಿತು
ಅಕ್ಕಿಯೊಳಗಿನ ಕಲ್ಲಿನಂತೆ.
ಎರಡನೆಯ ದಿನವೂ ಅದೇ.
ಮೂರನೆಯ ದಿನ ಐನೂರು ರೂಪಾಯಿ ನೆನೆದು ಬೈದೆ.

ನಾಲ್ಕನೆಯ ರಾತ್ರಿ, ದೀಪ ಆರಿಸಿ ಮಲಗಿದ ಮೇಲೆ,
ಹಿತ್ತಿಲ ಬಾಗಿಲಲ್ಲಿ ಕಟುಂ ಎಂದಿತು.
ಮತ್ತೆ ಕಟುಂ ಕಟುಂ,
ಒಣಗಿದ ಚಿಪ್ಪಿನ ಮೇಲೆ ಯಾರೋ ನಡೆದ ಹಾಗೆ.

ಏಳಲಿಲ್ಲ. ಹೆಸರು ಹಿಡಿದು ಕರೆಯಲೂ ಇಲ್ಲ.
ಗಿರಾಕಿ ಮನಸ್ಸು ಮಾಡುವಾಗ
ಮಾತಾಡಬಾರದು.